ತಂಗುದಾಣ: ಬೇರೆ ಕೊಠಡಿಯೋ, ಒಂದೇ ಸೂರೋ?

ಕೊಡಗಿನ ಸೋಮವಾರಪೇಟೆ ಕಡೆಯ ಪಂಚಾಯಿತಿಯೊಂದು ಬಸ್ ತಂಗುದಾಣ ಕಟ್ಟಲು ಹೊರಟರೆ, ಹೆಂಗಸರಿಗೆ ಬೇರೆ ಕೊಠಡಿ ಬೇಕೋ, ಎಲ್ಲರಿಗೂ ಒಂದೇ ಸೂರು ಸಾಕೋ ಎಂಬ ಪ್ರಶ್ನೆ ಏಳುತ್ತದೆ. ಹೆಂಗಸರಿಗೆ ಪ್ರತ್ಯೇಕ ಕೊಠಡಿಯಿದ್ದರೆ, ಕಕ್ಕಡದ (ಕೊಡಗಿನ ಜಡಿಮಳೆಯ ತಿಂಗಳು) ಮಳೆಯಲ್ಲಿ ಕಾಫಿ ತೋಟದ ಕೆಲಸ ಮುಗಿಸಿ ಬಂದವಳು ನೆನೆದ ಸೆರಗನ್ನು ಹಿಂಡಿಕೊಳ್ಳಲು, ಮಗುವಿಗೆ ಹಾಲೂಡಿಸಲು ಮರೆಯೊಂದು ಸಿಗುತ್ತದೆ. ಆದರೆ ಕತ್ತಲಾದ ಮೇಲೆ ಜನರಿಲ್ಲದ ಆ ಮೂಲೆಯೇ ಭಯ ಹುಟ್ಟಿಸಬಹುದು, ಕೊನೆಗೆ ಬೀಗವೂ ಬೀಳಬಹುದು (ಬಿದ್ದಿರುವುದನ್ನು ನಾನೇ ಕಂಡಿದ್ದೇನೆ). ಒಂದೇ ಸೂರಿನಡಿ ನಾಲ್ಕು ಜನರ ಕಣ್ಣಿರುತ್ತದೆ, ಖರ್ಚೂ ಕಡಿಮೆ.

ಸಂವಿಧಾನದ 15ನೇ ವಿಧಿಯು ಸರ್ಕಾರದ ಹಣದಲ್ಲಿ ನಡೆಯುವ ಸಾರ್ವಜನಿಕ ಸ್ಥಳಗಳಲ್ಲಿ ಲಿಂಗದ ಕಾರಣಕ್ಕೆ ಯಾರನ್ನೂ ಹೊರಗಿಡಬಾರದೆಂದರೂ, ಅದರ 3ನೇ ಉಪವಿಧಿಯು ಮಹಿಳೆಯರಿಗೂ ಮಕ್ಕಳಿಗೂ ವಿಶೇಷ ಏರ್ಪಾಡು ಮಾಡಲು ಅವಕಾಶ ಕೊಡುತ್ತದೆ. ಆದ್ದರಿಂದ ಶೌಚಾಲಯವನ್ನೂ ಹಾಲುಣಿಸುವ ಕೋಣೆಯನ್ನೂ ಪ್ರತ್ಯೇಕಿಸಿ, ಬೆಂಚನ್ನು ಎಲ್ಲರಿಗೂ ಬಿಡುವುದೇ ನನಗೆ ಸರಿಯೆನಿಸುತ್ತದೆ.