ರಷ್ಯನ್ ಕಲಿಸೋ ಆಪ್: 90 ದಿನದಲ್ಲಿ ಫ್ಲುಯೆಂಟ್ ಅಂತೆ!
ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಕರೆಂಟೂ ಇರಲ್ಲ ನೆಟ್‌ವರ್ಕೂ ಇರಲ್ಲ, ಅದಕ್ಕೇ ಆಫ್‌ಲೈನ್ ನಡಿಯೋ ಆಪ್ ಅಂತ ದುಡ್ಡು ಕೊಟ್ಟು ತಗೊಂಡೆ, ಆ ವಿಷ್ಯದಲ್ಲಿ ಫುಲ್ ಮಾರ್ಕ್ಸ್. ಆಡಿಯೋ ಚೆನ್ನಾಗಿದೆ, 33 ಅಕ್ಷರ ಕಲಿಸೋ ರೀತಿನೂ ಸೂಪರ್. ಆದ್ರೆ 90 ದಿನದಲ್ಲಿ ಫ್ಲುಯೆಂಟ್ ಅನ್ನೋದು ಬರೀ ಓಳು ಮಾರಾಯ್ರೆ, ಅಮೆರಿಕ ಸರ್ಕಾರದವ್ರು ತಮ್ಮ ರಾಯಭಾರಿ ಸಿಬ್ಬಂದಿಗೆ ಮೇಷ್ಟ್ರನ್ನ ಇಟ್ಟು ಕಲಿಸೋಕೇ ಸುಮಾರು 1100 ಗಂಟೆ ಕ್ಲಾಸು ಬೇಕು ಅಂತಾರೆ, ನಾವು ತೋಟದ ಕೆಲ್ಸ ಮುಗಿಸಿ ದಿನಕ್ಕೆ ಅರ್ಧ ಗಂಟೆ ಕೂತ್ರೆ ಆರು ವರ್ಷ ಆಯ್ತು ನೋಡಿ. ಕನ್ನಡದವ್ರಿಗೆ ವಿಭಕ್ತಿ ಗೊತ್ತಿರೋದ್ರಿಂದ ಅಲ್ಲಿನ 6 ವಿಭಕ್ತಿ ಅಷ್ಟೇನ್ ಹೆದರಿಸಲ್ಲ, ಆದ್ರೆ ಕ್ರಿಯಾಪದ ಜೋಡಿ ಜೋಡಿಯಾಗಿ ಬರ್ತವಲ್ಲ, ಪೂರ್ತಿ ಮುಗಿದ ಕೆಲ್ಸಕ್ಕೊಂದು, ನಡೀತಾ ಇರೋದಕ್ಕೊಂದು, ಅದನ್ನ ಇವ್ರು ವಿವರಿಸೋದೇ ಇಲ್ಲ, ಸುಮ್ನೆ ಉತ್ತರ ಒತ್ತು ಅಂತಾರೆ. ಡೈಲಿ ಗೋಲ್ 50 ಪದ ಅಂತ ಮೊದ್ಲೇ ಸೆಟ್ ಆಗಿರುತ್ತೆ, 10ಕ್ಕೆ ಇಳಿಸ್ಕೊಳಿ. ಮೊದಲ ವರ್ಷಕ್ಕೆ ಎ1 ಲೆವೆಲ್, ಅಂದ್ರೆ ಭಾಷೆ ಕಲಿಯೋದ್ರ ಮೊದಲ ಮೆಟ್ಟಿಲು ಸಾಕು, ಪರಿಚಯ ಹೇಳ್ಕೊಳೋದು, ಅಂಗಡಿಲಿ ರೇಟ್ ಕೇಳೋದು. ರಷ್ಯಾಗೆ ಮೆಡಿಕಲ್ ಓದೋಕೆ ಹೊರಟಿರೋ ಶಿವಮೊಗ್ಗದ ಹುಡುಗ್ರು ಇದೊಂದನ್ನೇ ನಂಬ್ಕೋಬೇಡಿ, ಪೇಷಂಟ್ ಹತ್ರ ಮಾತಾಡೋ ಪಾಠನೇ ಇಲ್ಲ. 5ಕ್ಕೆ 3 ಸ್ಟಾರ್.