ಸರ್ಕಾರದ ವಿಮಾನಕ್ಕೆ ಕಾಯೋದಾ, ಟಿಕೆಟ್ ತಗೊಂಡು ಹೊರಡೋದಾ?

ಡೊಂಬಿವಲಿ ಅಕ್ಕಾ, ಹೊರದೇಶದಲ್ಲಿ ಓದ್ತಿರೋ ಮಗ ಅಲ್ಲಿ ಪರಿಸ್ಥಿತಿ ಕೆಟ್ರೆ ಸರ್ಕಾರ ಕಳಿಸೋ ವಿಮಾನಕ್ಕೆ ಕಾಯಬೇಕಾ, ಸ್ವಂತ ಟಿಕೆಟ್‌ನಲ್ಲಿ ಬಂದ್ಬಿಡಬೇಕಾ ಅಂತ ಕೇಳಿದ್ರಲ್ಲ, ದುಡ್ಡು ನೋಡಿದ್ರೆ ಸರ್ಕಾರದ್ದೇ ವಾಸಿ, 2022ರಲ್ಲಿ ಯುದ್ಧದಿಂದ ನಮ್ಮವರನ್ನ ಕರೆತಂದ ಆಪರೇಷನ್ ಗಂಗಾದಲ್ಲಿ, ಉಕ್ರೇನ್‌ನಲ್ಲಿ ಓದ್ತಿದ್ದ ನಮ್ ಹುಡುಗ್ರ ಹತ್ರ ವಿಮಾನಕ್ಕೆ ಪೈಸೆನೂ ತಗೊಳ್ಳಲಿಲ್ಲ, ಮೊದಲ ವಿಮಾನ ಪಕ್ಕದ ರೊಮೇನಿಯಾದ ಬುಕಾರೆಸ್ಟ್‌ನಿಂದ ನಮ್ ಮುಂಬೈಗೇ ಬಂತು, 219 ಜನ. ಆದ್ರೆ ಉಕ್ರೇನ್ ಗಡಿ ತನಕ ಬಸ್ಸೋ ರೈಲೋ ಹಿಡಿದು, ಆ ಚಳೀಲಿ ಬ್ಯಾಗ್ ಎಳ್ಕೊಂಡು ಎಷ್ಟೋ ಮಕ್ಕಳು ನಡೆದೇ ಹೋದ್ರು. 2023ರಲ್ಲಿ ಸುಡಾನ್ ಕಾಳಗದಲ್ಲೂ ಹೆಚ್ಚಿನವರಿಗೆ ಪೋರ್ಟ್ ಸುಡಾನ್ ಬಂದರು ಮುಟ್ಟಿದ್ಮೇಲೇ ನೌಕಾಪಡೆ ಹಡಗೋ ವಾಯುಪಡೆ ವಿಮಾನವೋ, ಆಮೇಲೆ ಸೌದಿಯ ಜೆಡ್ಡಾ, ಅಲ್ಲಿಂದ ಭಾರತಕ್ಕೆ ವಿಮಾನ.

ಸ್ವಂತ ಟಿಕೆಟ್ ದುಬಾರಿ, ನಿಜ, ಆದ್ರೆ ವಿಮಾನ ಓಡ್ತಿರೋ ತನಕ ಅದೇ ಸಲೀಸು. ವಾಯುಮಾರ್ಗ ಮುಚ್ಚಿದ್ರೆ, ಇಲ್ಲಾ ಪಾಸ್‌ಪೋರ್ಟ್ ಬೇರೆಯವರ ಕೈಲಿದ್ರೆ, ರಾಯಭಾರ ಕಚೇರೀಲಿ ಹೆಸರು ಬರೆಸಿ ಕಾಯೋದೇ. ಈಗ ಸೀಟು ಸಿಗ್ತಿದ್ರೆ ಮಾತ್ರ ಪರೀಕ್ಷೆ ಗಿರೀಕ್ಷೆ ಅಂತ ಕೂತ್ಕೋಬೇಡ ಅನ್ನಿ ಅವನಿಗೆ.