ಲಿಫ್ಟ್‌ನ ಕ್ಯಾನ್ ವೈರಿಂಗ್ ಕೆಟ್ಟಾಗ ಯಾವುದು ಬೇಗ ಹಿಡಿಯುತ್ತದೆ: ಮೀಟರ್, ಬೈಪಾಸ್ ಕೇಬಲ್, ಲ್ಯಾಪ್‌ಟಾಪ್, ಸ್ಕೋಪ್

ಸಿಸರ್ ಲಿಫ್ಟ್ (ಕತ್ತರಿಯಂಥ ತೋಳುಗಳ ಮೇಲೆ ಏರಿಳಿಯುವ, ಆಳು ನಿಂತು ಕೆಲಸ ಮಾಡುವ ವೇದಿಕೆ) ಕೆಳಗಿನ ಬಟನ್ ಒತ್ತಿದರೆ ಏರಿಳಿಯುತ್ತದೆ, ಮೇಲಿನ ಕಂಟ್ರೋಲ್ ಬಾಕ್ಸ್‌ನ ಜಾಯ್‌ಸ್ಟಿಕ್‌ಗೆ ಮಾತ್ರ ಮಿಸುಕುವುದಿಲ್ಲ. ಪರದೆಯಲ್ಲಿ 02 ಅಥವಾ ಬೇರೊಂದು ಕಮ್ಯುನಿಕೇಶನ್ ಕೋಡ್. ಪುಣೆ ಬಳಿಯ ಚಾಕಣದ ಗೋದಾಮಿನಲ್ಲಾಗಲಿ, ಮುಂಬೈಯ ಸೈಟಿನಲ್ಲಾಗಲಿ, ಇಂಥ ದೂರು ಬಂದ ಕೂಡಲೇ ಮೇಲಿನ ಬಾಕ್ಸ್ ಬದಲಿಸುವ ಅಭ್ಯಾಸ ಹಲವರಿಗಿದೆ. ಅದು ದುಬಾರಿ ಅಭ್ಯಾಸ. ನಾವು ನೋಡಿರುವಂತೆ ತಪ್ಪು ಹೆಚ್ಚಾಗಿ ಇರುವುದು ಬಾಕ್ಸ್‌ನಿಂದ ಕೆಳಗಿನ ಕಂಟ್ರೋಲರ್‌ವರೆಗೆ ಹೋಗುವ ಕೇಬಲ್‌ನಲ್ಲಿ ಅಥವಾ ಅದರ ಕನೆಕ್ಟರ್‌ನಲ್ಲಿ. ಬಾಕ್ಸ್ ಮತ್ತು ಕಂಟ್ರೋಲರ್ ಒಂದಕ್ಕೊಂದು ಸಂದೇಶ ಕಳಿಸುವ ಎರಡು ತಂತಿಗಳ ಜಾಲವೇ ಕ್ಯಾನ್; ಆ ಜೋಡಿಯನ್ನು ಬಸ್ ಎನ್ನುತ್ತಾರೆ, ತಂತಿಗಳನ್ನು ಕ್ಯಾನ್ ಹೈ, ಕ್ಯಾನ್ ಲೋ ಎನ್ನುತ್ತಾರೆ. ಕೇಬಲ್‌ನ ತಪ್ಪು ಹುಡುಕಲು ನಾವು ಬಳಸಿ ನೋಡಿದ ಸಾಧನಗಳು ಎಲ್ಲೆಲ್ಲಿ ಗೆಲ್ಲುತ್ತವೆ, ಎಲ್ಲೆಲ್ಲಿ ದಾರಿ ತಪ್ಪಿಸುತ್ತವೆ ಎಂಬುದನ್ನು ಇಲ್ಲಿ ಬರೆದಿದ್ದೇವೆ.

ಯಾವ ಸಾಧನ ಹಿಡಿದರೂ, ಪ್ಲಾಟ್‌ಫಾರ್ಮ್ ಎತ್ತಿಟ್ಟು ಕತ್ತರಿ ತೋಳುಗಳ ನಡುವೆ ಕೈ ಹಾಕುವ ಮೊದಲು ಸೇಫ್ಟಿ ಆರ್ಮ್ (ಪ್ಲಾಟ್‌ಫಾರ್ಮ್ ಕುಸಿಯದಂತೆ ತಡೆಯುವ ಆಸರೆ ಕಂಬಿ) ಎತ್ತಿ ನಿಲ್ಲಿಸಲೇಬೇಕು. ಹೈಡ್ರಾಲಿಕ್ ಹಿಡಿದುಕೊಂಡಿದೆ ಎಂಬ ಧೈರ್ಯ ಬೇಡ.

ಮಲ್ಟಿಮೀಟರ್

ಮೊದಲ ಹತ್ತು ನಿಮಿಷ ಮೀಟರ್‌ನದೇ. ಬ್ಯಾಟರಿ ಬಿಚ್ಚಿ, ಕ್ಯಾನ್ ಹೈ ಮತ್ತು ಕ್ಯಾನ್ ಲೋ ನಡುವೆ ಓಮ್ ಅಳೆಯಿರಿ. ಎರಡು ತುದಿಗಳಲ್ಲಿ 120 ಓಮ್‌ನ ಟರ್ಮಿನೇಟರ್‌ಗಳು (ಎರಡು ತಂತಿಗಳ ನಡುವೆ ಹಾಕಿದ ರೆಸಿಸ್ಟರ್‌ಗಳು) ಇರುವುದರಿಂದ 60 ಬರಬೇಕು. 120 ಬಂದರೆ ಒಂದು ತುದಿ ಕಡಿದುಹೋಗಿದೆ. 40 ಬಂದರೆ ಯಾರೋ ಮೂರನೆಯ ಟರ್ಮಿನೇಟರ್ ಇರುವ ಬಾಕ್ಸ್ ಹಾಕಿದ್ದಾರೆ. ಸೊನ್ನೆಯ ಹತ್ತಿರ ಬಂದರೆ ಎರಡೂ ತಂತಿ ಶಾರ್ಟ್. 120 ಬಂದಾಗ ಯಾವ ಕಡೆ ಎಂದು ತಿಳಿಯಲು ನಡುವಿನ ಒಂದು ಕನೆಕ್ಟರ್ ಬಿಚ್ಚಿ ಎರಡೂ ಬದಿ ಅಳೆಯಿರಿ. ಸರಿಯಿರುವ ಬದಿ 120 ತೋರಿಸುತ್ತದೆ, ಕಡಿದ ಬದಿ ಏನನ್ನೂ ತೋರಿಸುವುದಿಲ್ಲ.

ಆಮೇಲೆ ಪ್ರತಿ ತಂತಿಯನ್ನೂ ಬ್ಯಾಟರಿ ನೆಗೆಟಿವ್‌ಗೆ ಹಿಡಿದು ಅಳೆಯಿರಿ. ಬಹಳ ಜನ ಈ ಹಂತ ಬಿಡುತ್ತಾರೆ. ಕ್ಯಾನ್ ಹೈ ಎಲ್ಲೋ ಕಬ್ಬಿಣಕ್ಕೆ ತಾಗಿದ್ದರೂ ಎರಡು ತಂತಿಗಳ ನಡುವೆ 60 ಬರುತ್ತಲೇ ಇರುತ್ತದೆ. ನೆಗೆಟಿವ್‌ಗೆ ಕೆಲವು ಕಿಲೋಓಮ್ ಬಂದರೆ ಆರೋಗ್ಯ. ನೂರು ಓಮ್‌ಗಳ ಲೆಕ್ಕದಲ್ಲಿ ಬಂದರೆ ಸೋರಿಕೆ. ನಂತರ ಕರೆಂಟ್ ಕೊಟ್ಟು ವೋಲ್ಟ್ ನೋಡಿ. ಸಂದೇಶ ಓಡುತ್ತಿರುವ ಬಸ್ಸಿನಲ್ಲಿ ಹೈ 2.5ಕ್ಕಿಂತ ಸ್ವಲ್ಪ ಮೇಲೆ, ಲೋ ಸ್ವಲ್ಪ ಕೆಳಗೆ ಇರುತ್ತದೆ, ಎರಡೂ ಕೂಡಿದರೆ ಸುಮಾರು 5. ಎರಡೂ ತಂತಿ ಕದಲದೆ 2.5 ತೋರಿಸುತ್ತಿದ್ದರೆ ಯಾರೂ ಮಾತಾಡುತ್ತಿಲ್ಲ ಅಥವಾ ಎರಡೂ ಒಂದಕ್ಕೊಂದು ತಾಗಿವೆ.

ಮೀಟರ್ ಮೋಸ ಮಾಡುವ ಜಾಗವೂ ಇದೆ. ಕತ್ತರಿ ತೋಳಿನ ಪಿನ್ ಹತ್ತಿರ ಕೇಬಲ್ ಸಾವಿರಾರು ಸಲ ಮಡಚಿ, ಒಳಗಿನ ಎಳೆಗಳು ಒಂದೊಂದೇ ಕಡಿಯುತ್ತವೆ. ಮೇಲಿನ ರಬ್ಬರ್ ಹೊಸದರಂತೆಯೇ ಇರುತ್ತದೆ. ಮೀಟರ್ ಓಮ್ ಅಳೆಯಲು ಹರಿಸುವ ಕರೆಂಟ್ ಮಿಲಿಆಂಪಿಯರ್ ಮಟ್ಟದ್ದು, ಉಳಿದ ಒಂದೇ ಎಳೆ ಅದಕ್ಕೆ ಸಾಕು. ಅದೂ ಅಲ್ಲದೆ ಪ್ಲಾಟ್‌ಫಾರ್ಮ್ ಕೆಳಗಿದ್ದಾಗ ಕಡಿದ ತುದಿಗಳು ತಾಗಿಕೊಂಡೇ ಇರುತ್ತವೆ. 60 ಬಂತು, ಕೇಬಲ್ ಸರಿ ಎಂದು ತೀರ್ಮಾನಿಸುವವರು ಇಲ್ಲೇ ಬಾಕ್ಸ್ ಆರ್ಡರ್ ಮಾಡುವುದು. ಹೈ–ಲೋ ಅದಲುಬದಲಾಗಿದ್ದರೂ 60ಯೇ ಬರುತ್ತದೆ ಎಂಬುದೂ ನೆನಪಿರಲಿ.

ಇದಕ್ಕೆ ಅಗ್ಗದ ಪರಿಹಾರ ಲಾರಿಯ 24 ವೋಲ್ಟ್, 21 ವ್ಯಾಟ್ ಇಂಡಿಕೇಟರ್ ಬಲ್ಬ್. ಪುಣೆ ಬಳಿಯ ನಿಗಡಿಯ ಟ್ರಾನ್ಸ್‌ಪೋರ್ಟ್ ನಗರದ ಸ್ಪೇರ್ ಅಂಗಡಿಯಲ್ಲಿ ಸಿಗುತ್ತದೆ. ಕೇಬಲ್‌ನ ಎರಡೂ ತುದಿ ಪೂರ್ತಿ ಬಿಚ್ಚಿ (ಬಿಚ್ಚದಿದ್ದರೆ ಕಂಟ್ರೋಲರ್ ಸುಡುತ್ತದೆ), 5 ಆಂಪಿಯರ್ ಫ್ಯೂಸ್ ಮೂಲಕ ಒಂದೊಂದೇ ತಂತಿಯಿಂದ ಬಲ್ಬ್ ಉರಿಸಿ. ಸುಮಾರು 0.9 ಆಂಪಿಯರ್ ಹರಿಯುತ್ತದೆ. 15 ಮೀಟರ್ ಉದ್ದದ 0.75 ಚದರ ಮಿಲಿಮೀಟರ್ ತಂತಿಯಲ್ಲಿ 0.3 ವೋಲ್ಟ್ ಇಳಿಯುವುದು ಸಹಜ. 1 ವೋಲ್ಟ್ ದಾಟಿದರೆ ಎಳೆ ಕಡಿದಿದೆ ಅಥವಾ ಕ್ರಿಂಪ್ (ತಂತಿಗೆ ಪಿನ್ ಒತ್ತಿದ ಜಾಗ) ಸಡಿಲ. ಬಲ್ಬ್ ಉರಿಯುತ್ತಿರುವಾಗಲೇ ಕೈಗೆಟಕುವ ಕಡೆಯೆಲ್ಲ ಕೇಬಲ್ ಬಾಗಿಸಿ ನೋಡಿ. ಮಿಣುಕಿದ ಜಾಗವೇ ರೋಗದ ಜಾಗ.

ಬೈಪಾಸ್ ಕೇಬಲ್

ನಮ್ಮ ಮಟ್ಟಿಗೆ ಇದೇ ಎಲ್ಲಕ್ಕಿಂತ ಮೇಲು, ಇದನ್ನೇ ಜನ ಕಡೆಗಣಿಸುವುದು. ಯಂತ್ರದ ಕೇಬಲ್ ಪಕ್ಕಕ್ಕಿಟ್ಟು, ಹೊರಗಿನಿಂದ ಒಂದು ಒಳ್ಳೆಯ ಕೇಬಲ್‌ನಲ್ಲಿ ಮೇಲಿನ ಬಾಕ್ಸನ್ನು ಕೆಳಗಿನ ಕಂಟ್ರೋಲರ್‌ಗೆ ಜೋಡಿಸುವುದು. ಕೋಡ್ ಹೋಯಿತೆಂದರೆ ತಪ್ಪು ಯಂತ್ರದ ಕೇಬಲ್‌ನದು. ಹೋಗದಿದ್ದರೆ ಬಾಕ್ಸ್ ಅಥವಾ ಕಂಟ್ರೋಲರ್. ವಾದಕ್ಕೆ ಜಾಗವೇ ಇಲ್ಲ.

10 ಮೀಟರ್ ಎತ್ತರದ ಲಿಫ್ಟ್‌ಗೆ 15 ಮೀಟರ್ ಕೇಬಲ್ ಬೇಕು. ಪವರ್‌ಗೆ 1 ಚದರ ಮಿಲಿಮೀಟರ್. ಕ್ಯಾನ್‌ಗೆ ಹೆಣೆದ ಜೋಡಿ ತಂತಿ, ಮೀಟರಿಗೆ 30–40 ಸುತ್ತು. ತಯಾರು ಜೋಡಿ ಪುಣೆಯ ತಾಪಕೀರ್ ಗಲ್ಲಿಯಲ್ಲೋ ಮುಂಬೈಯ ಲ್ಯಾಮಿಂಗ್ಟನ್ ರೋಡಿನಲ್ಲೋ ಹುಡುಕಿ. ಸಿಗದಿದ್ದರೆ ಎರಡು ತಂತಿಯನ್ನು ಡ್ರಿಲ್‌ಗೆ ಕಚ್ಚಿಸಿ ಹೆಣೆಯಬಹುದು. ತುದಿಗೆ ಯಂತ್ರದಲ್ಲಿರುವಂಥದೇ ಕನೆಕ್ಟರ್. ಡಾಯ್ಚ್ ಡಿಟಿ ಸರಣಿಯದಾದರೆ ಪಿನ್ ಒತ್ತಲು ಅದರ ಕ್ರಿಂಪ್ ಟೂಲ್ ಬೇಕೇ ಬೇಕು. ಇಕ್ಕಳದಿಂದ ಒತ್ತಿದ ಪಿನ್ ತಾನೇ ಹೊಸ ತಪ್ಪಾಗುತ್ತದೆ. ಪ್ರತಿ ತಂತಿಯನ್ನೂ ಎಳೆದು ನೋಡಿ, ಕೊನೆಗೆ ವೆಡ್ಜ್ (ಪಿನ್‌ಗಳನ್ನು ಹಿಡಿದಿಡುವ ಬೆಣೆ) ಹಾಕುವುದನ್ನು ಮರೆಯಬೇಡಿ.

ಎಮರ್ಜೆನ್ಸಿ ಸ್ಟಾಪ್ ತಂತಿಯೂ ಸಾಮಾನ್ಯವಾಗಿ ಇದೇ ಕೇಬಲ್‌ನಲ್ಲಿ ಇಳಿಯುತ್ತದೆ. ಸರ್ಕ್ಯೂಟ್ ನಕ್ಷೆ ನೋಡಿ ಎಲ್ಲ ತಂತಿಯನ್ನೂ ಹಾಗೆಯೇ ದಾಟಿಸಿ. ಸ್ಟಾಪ್ ತಂತಿಯನ್ನು ಜಂಪ್ ಮಾಡಿ ಲಿಫ್ಟ್ ಓಡಿಸುವುದು ಜೀವದ ಜೊತೆ ಆಟ. ಕೇಬಲ್ ಅನ್ನು ರೇಲಿಂಗ್‌ಗೆ ಕಟ್ಟಿ, ತೋಳುಗಳಿಂದ ದೂರಕ್ಕೆ ಇಳಿಬಿಡಿ. ಈ ಸ್ಥಿತಿಯಲ್ಲಿ ಪರೀಕ್ಷೆ ಮಾತ್ರ, ಕೆಲಸಕ್ಕೆ ಬಿಡುವಂತಿಲ್ಲ.

ಇದರ ಮಿತಿ ಬೂಮ್ ಲಿಫ್ಟ್ (ಉದ್ದ ತೋಳಿನ ತುದಿಯಲ್ಲಿ ಪ್ಲಾಟ್‌ಫಾರ್ಮ್ ಇರುವ ಲಿಫ್ಟ್). ಅಲ್ಲಿ ಕೇಬಲ್ ಬೂಮ್‌ನ ಚೈನ್ ಟ್ರ್ಯಾಕ್ ಹಾದು, ಕೆಲವು ಯಂತ್ರಗಳಲ್ಲಿ ತಿರುಗುವ ಬುಡದ ಸ್ಲಿಪ್ ರಿಂಗ್ (ತಿರುಗುವಾಗಲೂ ಕರೆಂಟ್ ದಾಟಿಸುವ ಉಂಗುರ) ಕೂಡ ದಾಟಿ ಹೋಗುತ್ತದೆ. ಪೂರ್ತಿ ಉದ್ದಕ್ಕೆ ಬೈಪಾಸ್ ಎಳೆಯುವುದು ಕಷ್ಟ. ತುಂಡು ತುಂಡಾಗಿ ಮಾಡಬೇಕು.

ಲ್ಯಾಪ್‌ಟಾಪ್ ಮತ್ತು ಯುಎಸ್‌ಬಿ–ಕ್ಯಾನ್ ಅಡಾಪ್ಟರ್

ದಿನಕ್ಕೆ ಎರಡು ಸಲ ಮಾತ್ರ ಬಂದು ಹೋಗುವ ತಪ್ಪಿಗೆ ಇದಕ್ಕೆ ಸಾಟಿ ಇಲ್ಲ. ಜೋಡಿಸುವ ಮುಂಚೆ ಎರಡು ಎಚ್ಚರ. ಅಡಾಪ್ಟರ್‌ನ ಒಳಗಿನ 120 ಓಮ್ ಜಂಪರ್ ತೆಗೆದಿರಬೇಕು. ಕೇಳುವ ಮೋಡ್‌ನಲ್ಲೇ ಇಡಬೇಕು. ಬಸ್ ಸೆಕೆಂಡಿಗೆ 250 ಕಿಲೋಬಿಟ್ ವೇಗದಲ್ಲಿ ಓಡುತ್ತಿರುವಾಗ ನೀವು 500 ಇಟ್ಟು ಮಾತಾಡುವ ಮೋಡ್‌ನಲ್ಲಿ ಸೇರಿದರೆ ಅಡಾಪ್ಟರ್ ಎಲ್ಲರ ಸಂದೇಶವನ್ನೂ ಕೆಡಿಸುತ್ತದೆ, ಚೆನ್ನಾಗಿದ್ದ ಲಿಫ್ಟ್ ಕೂಡ ನಿಲ್ಲುತ್ತದೆ.

ರೆಕಾರ್ಡ್ ಹಚ್ಚಿ ಪ್ಲಾಟ್‌ಫಾರ್ಮ್ ಪೂರ್ತಿ ಏರಿಸಿ ಇಳಿಸಿ. ಕ್ಯಾನ್‌ಓಪನ್ (ಕ್ಯಾನ್ ಮೇಲೆ ಮಾತಾಡುವ ಒಂದು ಭಾಷೆ) ಬಳಸುವ ಯಂತ್ರವಾದರೆ ಹಾರ್ಟ್‌ಬೀಟ್ ಸಂದೇಶ (ನಾನಿದ್ದೇನೆ ಎಂದು ಬಾಕ್ಸ್ ಆಗಾಗ ಕಳಿಸುವುದು) ಎಲ್ಲಿ ತಪ್ಪಿತು ಎಂದು ನೋಡಿ. ತಪ್ಪಿದ ನಂತರ ಬೂಟ್‌ಅಪ್ ಸಂದೇಶ ಬಂದಿದ್ದರೆ ಆ ಬಾಕ್ಸ್ ಕರೆಂಟ್ ಕಳೆದುಕೊಂಡು ಮತ್ತೆ ಎದ್ದಿದೆ: ಕ್ಯಾನ್ ತಂತಿ ಬಿಟ್ಟು ಪವರ್ ತಂತಿ, ನೆಗೆಟಿವ್, ಬ್ಯಾಟರಿ ನೋಡಿ. ಬೂಟ್‌ಅಪ್ ಇಲ್ಲದೆ ಎರರ್ ಫ್ರೇಮ್‌ಗಳ (ಸಂದೇಶ ಕೆಟ್ಟಿದೆ ಎಂಬ ಸೂಚನೆಗಳ) ಸುರಿಮಳೆ ಬಂದಿದ್ದರೆ ಕ್ಯಾನ್ ಜೋಡಿಯೇ ಕೆಟ್ಟಿದೆ. ಈ ಒಂದು ಭೇದವನ್ನು ಮೀಟರ್ ಎಂದೂ ಹೇಳಲಾರದು. ಕಳಿಸುವಾಗಿನ ಪ್ರತಿ ಎರರ್‌ಗೆ ಕಂಟ್ರೋಲರ್ ತನ್ನ ಲೆಕ್ಕಕ್ಕೆ 8 ಸೇರಿಸುತ್ತದೆ, 255 ದಾಟಿದರೆ ಬಸ್ ಬಿಟ್ಟು ಹೊರಡುತ್ತದೆ (ಇದೇ ಬಸ್ ಆಫ್). ಸಾಲಾಗಿ 32 ಸಲ ವಿಫಲವಾದರೆ ಸಾಕು, ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ. ಆದ್ದರಿಂದಲೇ ಅರೆಕ್ಷಣದ ಲೂಸ್ ಕಾಂಟ್ಯಾಕ್ಟ್ ಕೂಡ ಲಿಫ್ಟನ್ನು ಪೂರ್ತಿ ನಿಲ್ಲಿಸುವುದು.

ಸ್ಕೋಪ್, ಕಂಪನಿಯ ಅನಲೈಸರ್

ಎರಡು ಚಾನೆಲ್‌ನ, ಬ್ಯಾಟರಿಯಲ್ಲಿ ಓಡುವ 20 ಮೆಗಾಹರ್ಟ್ಸ್ ಸ್ಕೋಪ್ (ವೋಲ್ಟ್‌ನ ಏರಿಳಿತವನ್ನು ಪರದೆಯಲ್ಲಿ ಗೆರೆಯಾಗಿ ತೋರಿಸುವ ಸಾಧನ) ಸಾಕು. 250 ಕಿಲೋಬಿಟ್‌ನಲ್ಲಿ ಒಂದು ಬಿಟ್ 4 ಮೈಕ್ರೋಸೆಕೆಂಡ್. ಹೈ 3.5 ವೋಲ್ಟ್‌ಗೆ ಏರುವಾಗ ಲೋ 1.5ಕ್ಕೆ ಇಳಿಯಬೇಕು. ಒಂದೇ ತಂತಿ ಕುಣಿಯುತ್ತಿದ್ದರೆ ಇನ್ನೊಂದು ಕಡಿದಿದೆ ಅಥವಾ ಎಲ್ಲೋ ತಾಗಿದೆ. ಇಳಿಯುವ ಅಂಚು ಬಾಲದಂತೆ ಎಳೆದರೆ ಟರ್ಮಿನೇಟರ್ ಇಲ್ಲ. ಮೋಟಾರ್ ಓಡಿದಾಗ ಮಾತ್ರ ಬರುವ ಗದ್ದಲ ಹಿಡಿಯಲು ಇದು ಬೇಕು. ಉಳಿದಂತೆ ನಿತ್ಯದ ಕೆಲಸಕ್ಕೆ ಇದರ ಖರ್ಚು ಗಿಟ್ಟುವುದಿಲ್ಲ.

ಲಿಫ್ಟ್ ತಯಾರಿಸಿದ ಕಂಪನಿಯ ಕೈ ಅನಲೈಸರ್ ಯಾವ ಬಾಕ್ಸ್ ಮೌನವಾಯಿತು ಎಂದು ಹೆಸರು ಹಿಡಿದು ಹೇಳುತ್ತದೆ. ಜೆಎಲ್‌ಜಿಯದರಲ್ಲಿ ಕ್ಯಾನ್ ಅಂಕಿಅಂಶಗಳ ಪುಟವೂ ಇದೆ, ಬಸ್ ಆಫ್ ಎಷ್ಟು ಸಲ ಆಯಿತು ಎಂದು ನೋಡಬಹುದು. ತಂತಿ ಎಲ್ಲಿ ಕಡಿದಿದೆ ಎಂದು ಮಾತ್ರ ಅದು ತೋರಿಸದು. ಬೇರೆ ಕಂಪನಿಯ ಲಿಫ್ಟ್‌ಗೂ ಬಾರದು.

ಊರು ಬದಲಾದರೆ ಕ್ರಮವೂ ಸ್ವಲ್ಪ ಬದಲಾಗುತ್ತದೆ. ಪುಣೆಯ ಗೋದಾಮುಗಳಲ್ಲಿ ದಿನವಿಡೀ ಏರಿಳಿಯುವ ಲಿಫ್ಟ್‌ಗಳಿಗೆ ಮಡಚುವ ಕೇಬಲ್ಲೇ ಮೊದಲ ಶಂಕೆ, ಬಲ್ಬ್ ಮತ್ತು ಬೈಪಾಸ್ ಮೊದಲು ತೆಗೆಯಿರಿ. ಉರಣ್, ವಾಸ್ಕೊ ಕಡೆಯ ಉಪ್ಪುಗಾಳಿ ಮತ್ತು ಮಳೆಗಾಲದಲ್ಲಿ ಮೊದಲು ಕನೆಕ್ಟರ್ ಬಿಚ್ಚಿ, ಪಿನ್‌ಗೆ ಹಸಿರು ಕಿಲುಬು ಹಿಡಿದಿದೆಯೇ ನೋಡಿ. ಹಿಡಿದಿದ್ದರೆ ಸ್ಪ್ರೇ ಹೊಡೆದು ಮತ್ತೆ ಸಿಕ್ಕಿಸಬೇಡಿ. ಕನೆಕ್ಟರ್‌ನ ಎರಡೂ ಭಾಗ ಕತ್ತರಿಸಿ, ತಾಮ್ರ ಹೊಳೆಯುವವರೆಗೆ ತಂತಿ ಸುಲಿಯುತ್ತ ಹಿಂದೆ ಹೋಗಿ. ನೀರು ರಬ್ಬರ್‌ನೊಳಗೆ ಎಳೆಗಳ ಗುಂಟ ದೂರದವರೆಗೆ ಹತ್ತಿರುತ್ತದೆ. ಒಂದಡಿ ಹಿಂದೆ ಹೋದರೂ ತಾಮ್ರ ಕಪ್ಪಾಗಿಯೇ ಇದ್ದರೆ ಕೇಬಲ್ಲನ್ನೇ ಬದಲಿಸಿ.